20ಕ್ಕೆ 30 ಕೂಡಿಸಿದರೆ 2030!

ಪ್ರೋಗ್ರಾಮಿಂಗ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಒಂದು ಅಭ್ಯಾಸ ಎದುರಾಗುತ್ತದೆ. ಬಳಕೆದಾರರಿಂದ ಎರಡು ಸಂಖ್ಯೆ ಕೇಳಬೇಕು, ಕೂಡಿಸಬೇಕು, ಉತ್ತರ ತೋರಿಸಬೇಕು. ಮೂರು ಸಾಲಿನ ಕೆಲಸ. ಪೈಥಾನ್‌ನಲ್ಲಿ ಅದನ್ನು ಬರೆದು, ಮೊದಲನೆಯದಕ್ಕೆ 20, ಎರಡನೆಯದಕ್ಕೆ 30 ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಬರುವ ಉತ್ತರ 50 ಆಗಿರುವುದಿಲ್ಲ, 2030 ಆಗಿರುತ್ತದೆ. ಲ್ಯಾಬಿನಲ್ಲಿ ಮೇಷ್ಟ್ರು ಬಂದು ‘ಇಂಟ್ ಹಾಕಮ್ಮ, ಸರಿಹೋಗುತ್ತೆ’ ಅಂತಾರೆ. ಹಾಕಿದರೆ ಸರಿಹೋಗುತ್ತದೆ. ತರಗತಿ ಮುಂದಿನ ಪಾಠಕ್ಕೆ ಹೋಗುತ್ತದೆ.

ಹಾಗೆ ಮುಂದೆ ಹೋಗಿಬಿಡುವುದು ದೊಡ್ಡ ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳುವುದು, ಪರಿವರ್ತಿಸುವುದು, ಲೆಕ್ಕ ಹಾಕುವುದು: ಈ ಮೂರು ಹೆಜ್ಜೆಗಳ ಪುಟ್ಟ ಅಭ್ಯಾಸಗಳಲ್ಲಿ ಇಡೀ ವೃತ್ತಿಗೆ ಬೇಕಾದ ಎಚ್ಚರದ ಬಹುಪಾಲು ಇದೆ. ಬ್ಯಾಂಕಿನ ತಂತ್ರಾಂಶ ಬರೆಯುವವರೂ ರಾಕೆಟ್‌ಗೆ ಪ್ರೋಗ್ರಾಂ ಬರೆಯುವವರೂ ಇವೇ ಹೆಜ್ಜೆಗಳಲ್ಲಿ ಎಡವಿದ್ದಾರೆ. ಅದಕ್ಕೇ ಈ ಅಭ್ಯಾಸಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕೀಲಿಮಣೆಯಿಂದ ಬರುವುದು ಅಕ್ಷರ

2030 ಬಂದದ್ದು ಯಾಕೆ? ಕೀಲಿಮಣೆಯಲ್ಲಿ 2 ಮತ್ತು 0 ಒತ್ತಿದಾಗ ಕಂಪ್ಯೂಟರಿಗೆ ಇಪ್ಪತ್ತು ಎಂಬ ಮೌಲ್ಯ ಸಿಗುವುದಿಲ್ಲ. ‘2’ ಎಂಬ ಚಿಹ್ನೆ, ಅದರ ಪಕ್ಕದಲ್ಲಿ ‘0’ ಎಂಬ ಚಿಹ್ನೆ, ಇಷ್ಟೇ ಸಿಗುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘2’ರ ಕ್ರಮಸಂಖ್ಯೆ 50, ‘0’ಯದು 48. ಕಂಪ್ಯೂಟರಿನ ಮಟ್ಟಿಗೆ ಇವು ‘ಅ’, ‘ಆ’ಗಳ ಹಾಗೆಯೇ ಅಕ್ಷರಗಳು. ಹೀಗೆ ಸಾಲಾಗಿ ಬಂದ ಅಕ್ಷರಗಳನ್ನು ಸ್ಟ್ರಿಂಗ್ ಎನ್ನುತ್ತಾರೆ. ಪೈಥಾನ್‌ನಲ್ಲಿ ಎರಡು ಸ್ಟ್ರಿಂಗ್‌ಗಳ ನಡುವೆ ಕೂಡುವ ಚಿಹ್ನೆ ಹಾಕಿದರೆ ಅವನ್ನು ಪಕ್ಕಪಕ್ಕ ಜೋಡಿಸು ಎಂದರ್ಥ. "20" + "30" ಆದದ್ದು "2030" ಹೀಗೆ. ಗುಣಾಕಾರವೂ ಅಷ್ಟೆ: "20" * 3 ಎಂದರೆ 60 ಬರುವುದಿಲ್ಲ, "202020" ಬರುತ್ತದೆ. ಯಂತ್ರ ತನಗೆ ಹೇಳಿದ್ದನ್ನೇ ಮಾಡಿದೆ.

ಇಲ್ಲಿ ಬೇರೆ ಬೇರೆ ಭಾಷೆಗಳು ಬೇರೆ ಬೇರೆ ದಾರಿ ಹಿಡಿದಿವೆ. "5" ಎಂಬ ಸ್ಟ್ರಿಂಗ್‌ಗೆ 3 ಎಂಬ ಸಂಖ್ಯೆಯನ್ನು ಕೂಡಿಸು ಎಂದರೆ ಪೈಥಾನ್ ಒಪ್ಪುವುದಿಲ್ಲ, ಟೈಪ್‌ಎರರ್ ಎಂದು ಹೇಳಿ ನಿಂತುಬಿಡುತ್ತದೆ. ಜಾವಾಸ್ಕ್ರಿಪ್ಟ್ ನಿಲ್ಲುವುದಿಲ್ಲ. ಅದರಲ್ಲಿ "5" + 3 ಎಂದರೆ "53". ಅದೇ "5" - 3 ಎಂದರೆ 2. ಕೂಡುವಾಗ ಅಕ್ಷರ ಎಂದುಕೊಂಡದ್ದನ್ನು ಕಳೆಯುವಾಗ ಸಂಖ್ಯೆ ಎಂದುಕೊಳ್ಳುತ್ತದೆ. ಕಲಿಯುವವರಿಗೆ ಪೈಥಾನ್‌ನ ಬಿಗಿಯೇ ಒಳ್ಳೆಯದು. ತಪ್ಪು ಉತ್ತರ ಕೊಟ್ಟು ಸುಮ್ಮನಿರುವ ಪ್ರೋಗ್ರಾಮಿಗಿಂತ ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ನಿಲ್ಲುವ ಪ್ರೋಗ್ರಾಂ ಮೇಲು. ಎರರ್ ಸಂದೇಶ ಕಂಡರೆ ಗಾಬರಿಯಾಗುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು. ಆ ಕೆಂಪು ಸಾಲುಗಳ ಕೊನೆಯಲ್ಲಿ ಎಲ್ಲಿ ತಪ್ಪಾಗಿದೆ, ಏನು ತಪ್ಪಾಗಿದೆ ಎಂಬುದು ಬರೆದಿರುತ್ತದೆ. ಅದನ್ನು ಓದುವ ರೂಢಿ ಮೊದಲ ವಾರದಲ್ಲೇ ಆಗಬೇಕು.

ಪೈಥಾನ್ ಕೂಡ ಮೊದಲಿಂದ ಹೀಗೇ ಇರಲಿಲ್ಲ. ಗೈಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಯ ಎರಡನೇ ಆವೃತ್ತಿಯಲ್ಲಿ ಇನ್‌ಪುಟ್ ಎಂಬ ಆಜ್ಞೆ, ಬಳಕೆದಾರ ಟೈಪ್ ಮಾಡಿದ್ದನ್ನು ಪೈಥಾನ್ ವಾಕ್ಯವೆಂದೇ ತಿಳಿದು ನಡೆಸಿಬಿಡುತ್ತಿತ್ತು. 20 ಎಂದರೆ ಸಂಖ್ಯೆ ಸಿಗುತ್ತಿತ್ತು, ನಿಜ. ಆದರೆ ಸಂಖ್ಯೆಯ ಜಾಗದಲ್ಲಿ ಯಾರಾದರೂ ಕಡತ ಅಳಿಸುವ ಆಜ್ಞೆ ಟೈಪ್ ಮಾಡಿದರೆ ಅದೂ ನಡೆದುಹೋಗುತ್ತಿತ್ತು. 2008ರ ಡಿಸೆಂಬರಿನಲ್ಲಿ ಬಂದ ಮೂರನೇ ಆವೃತ್ತಿ ಆ ಬಾಗಿಲನ್ನು ಮುಚ್ಚಿತು. ಈಗ ಹೊರಗಿಂದ ಏನೇ ಬರಲಿ, ಅದು ಬರೀ ಸ್ಟ್ರಿಂಗ್. ಅದು ಸಂಖ್ಯೆಯೋ ಹೆಸರೋ ದಿನಾಂಕವೋ ಎಂದು ತೀರ್ಮಾನಿಸುವ ಹೊಣೆ ಪ್ರೋಗ್ರಾಂ ಬರೆಯುವವರದು. ಕೆಲವು ನೋಟ್ಸ್‌ಗಳಲ್ಲಿ ಈಗಲೂ ಇನ್‌ಪುಟ್‌ನ ಹೊರಗೆ ಇವ್ಯಾಲ್ (ಸ್ಟ್ರಿಂಗನ್ನು ಪೈಥಾನ್ ವಾಕ್ಯವಾಗಿ ನಡೆಸುವ ಆಜ್ಞೆ) ಎಂದು ಸುತ್ತಿ ಬರೆಯುವುದನ್ನು ಹೇಳಿಕೊಡುತ್ತಾರೆ. ಮುಚ್ಚಿದ ಬಾಗಿಲನ್ನು ಮತ್ತೆ ತೆರೆದ ಹಾಗೆ ಅದು. ದಯವಿಟ್ಟು ಬೇಡ.

ಇಂಟ್ ಏನನ್ನು ಒಪ್ಪುತ್ತದೆ, ಏನನ್ನು ಒಪ್ಪುವುದಿಲ್ಲ

ಸ್ಟ್ರಿಂಗನ್ನು ಪೂರ್ಣಾಂಕವಾಗಿ ಪರಿವರ್ತಿಸುವ ಆಜ್ಞೆ ಇಂಟ್. ಅದರ ಸಾಲು ಹೀಗಿರುತ್ತದೆ (ಆಜ್ಞೆಗಳನ್ನು ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಓದಲು ಸುಲಭವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ):

ದರ = ಇಂಟ್(ಇನ್‌ಪುಟ್("ದರ ಎಷ್ಟು? "))

ಎಡಗಡೆಯ ‘ದರ’ ಎಂಬ ಹೆಸರನ್ನೂ ಉದ್ಧರಣ ಚಿಹ್ನೆಯೊಳಗಿನ ಪ್ರಶ್ನೆಯನ್ನೂ ಮಾತ್ರ ನಿಜವಾಗಿಯೂ ಕನ್ನಡದಲ್ಲೇ ಬರೆಯಬಹುದು. ಪೈಥಾನ್ ಮೂರನೇ ಆವೃತ್ತಿ ವೇರಿಯಬಲ್‌ಗಳ ಹೆಸರು ಕನ್ನಡದಲ್ಲಿದ್ದರೂ ಒಪ್ಪುತ್ತದೆ. ಬೆಲೆ, ತೂಕ, ಬಡ್ಡಿ, ಅಸಲು ಎಂದೆಲ್ಲ ಬರೆದು ಕಲಿಯುವ ಮಗುವಿಗೆ ಲೆಕ್ಕವೂ ಅದರ ಅರ್ಥವೂ ಒಟ್ಟೊಟ್ಟಿಗೆ ಕಾಣುತ್ತವೆ.

ಈಗ ಒಂದು ಅಭ್ಯಾಸ ಮಾಡಿ ನೋಡಿ. ಮೇಲಿನ ಸಾಲನ್ನು ಓಡಿಸಿ, ಪ್ರತಿ ಸಲ ಬೇರೆ ಉತ್ತರ ಟೈಪ್ ಮಾಡಿ. 15 ಎಂದರೆ ಒಪ್ಪುತ್ತದೆ. ಹಿಂದೆ ಮುಂದೆ ಖಾಲಿ ಜಾಗ ಬಿಟ್ಟರೂ ಒಪ್ಪುತ್ತದೆ. ‘15 ರೂ’ ಎಂದರೆ ವ್ಯಾಲ್ಯೂಎರರ್. ಏನನ್ನೂ ಬರೆಯದೆ ಎಂಟರ್ ಒತ್ತಿದರೂ ವ್ಯಾಲ್ಯೂಎರರ್. ‘ಹದಿನೈದು’ ಎಂದರೂ ಅದೇ. 12.5 ಎಂದರೂ ಇಂಟ್ ನಿರಾಕರಿಸುತ್ತದೆ, ಅದಕ್ಕೆ ದಶಮಾಂಶ ಸಂಖ್ಯೆಗಳ ಆಜ್ಞೆಯಾದ ಫ್ಲೋಟ್ ಬೇಕು. ನಾವೆಲ್ಲ ಬರೆಯುವ ಹಾಗೆ 1,50,000 ಎಂದರೂ ನಿರಾಕರಿಸುತ್ತದೆ, ಮೊದಲು ಅಲ್ಪವಿರಾಮಗಳನ್ನು ತೆಗೆದುಹಾಕಬೇಕು. ಇನ್ನು ‘೧೫’ ಎಂದು ಕನ್ನಡ ಅಂಕಿಗಳಲ್ಲಿ ಕೊಟ್ಟರೆ? ಒಪ್ಪುತ್ತದೆ! ಯೂನಿಕೋಡ್‌ನಲ್ಲಿ ಕನ್ನಡದ ‘೧’ಕ್ಕೂ ಇಂಗ್ಲಿಷಿನ ‘1’ಕ್ಕೂ ಬೇರೆ ಬೇರೆ ಕ್ರಮಸಂಖ್ಯೆ ಇದ್ದರೂ ಎರಡರ ಅಂಕಿಬೆಲೆ ಒಂದೇ ಎಂದು ಅಲ್ಲೇ ನಮೂದಾಗಿದೆ. ಪೈಥಾನ್ ಆ ನಮೂದನ್ನು ಗೌರವಿಸುತ್ತದೆ. ಜಾವಾಸ್ಕ್ರಿಪ್ಟ್‌ಗೆ ಇದೇ ‘೧೫’ ಕೊಟ್ಟರೆ ‘ಇದು ಸಂಖ್ಯೆಯಲ್ಲ’ ಎಂಬ ಉತ್ತರ ಬರುತ್ತದೆ. ಕನ್ನಡದಲ್ಲಿ ಅರ್ಜಿ ತುಂಬಿಸಿಕೊಳ್ಳುವ ತಂತ್ರಾಂಶ ಬರೆಯುವವರು ನೆನಪಿಡಬೇಕಾದ ವಿಷಯ ಇದು.

ಅಂಕಿಗಳಿರುವುದೆಲ್ಲ ಸಂಖ್ಯೆಯೂ ಅಲ್ಲ. ಮೈಸೂರಿನ ಎಸ್‌ಟಿಡಿ ಕೋಡ್ 0821. ಅದನ್ನು ಇಂಟ್‌ಗೆ ಕೊಟ್ಟರೆ 821 ಉಳಿಯುತ್ತದೆ, ಸೊನ್ನೆ ಹೋಗುತ್ತದೆ, ಕರೆ ಹೋಗುವುದಿಲ್ಲ. ಫೋನ್ ನಂಬರ್, ಪಿನ್‌ಕೋಡ್, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಇವನ್ನೆಲ್ಲ ಸ್ಟ್ರಿಂಗ್ ಆಗಿಯೇ ಇಟ್ಟುಕೊಳ್ಳಬೇಕು. ಕೂಡುವುದು ಕಳೆಯುವುದು ಮಾಡುವ ಪ್ರಮೇಯವೇ ಇಲ್ಲದ ಅಂಕಿಗಳನ್ನು ಸಂಖ್ಯೆಯಾಗಿ ಪರಿವರ್ತಿಸಬೇಡಿ ಎಂಬ ನಿಯಮ ಇಟ್ಟುಕೊಂಡರೆ ಸಾಕು.

ತಪ್ಪು ಉತ್ತರ ಬಂದಾಗ ಪ್ರೋಗ್ರಾಂ ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳುವುದು ಮುಂದಿನ ಹೆಜ್ಜೆ. ಪೈಥಾನ್‌ನಲ್ಲಿ ಟ್ರೈ, ಎಕ್ಸೆಪ್ಟ್ ಎಂಬ ಜೋಡಿ ಇದಕ್ಕೇ ಇದೆ: ಪರಿವರ್ತನೆ ಪ್ರಯತ್ನಿಸು, ಆಗದಿದ್ದರೆ ‘ದರವನ್ನು ಅಂಕಿಗಳಲ್ಲಿ ಬರೆಯಿರಿ, ಉದಾಹರಣೆಗೆ 15’ ಎಂದು ತಿಳಿಸಿ ಮತ್ತೆ ಕೇಳು. ಆ ಸಂದೇಶವನ್ನು ಒಳ್ಳೆಯ ಕನ್ನಡದಲ್ಲಿ, ಮರ್ಯಾದೆಯಿಂದ ಬರೆಯುವುದೂ ಅಭ್ಯಾಸದ ಭಾಗವೇ. ‘ತಪ್ಪು ಇನ್‌ಪುಟ್’ ಎಂದು ಗದರುವ ಪರದೆಯ ಮುಂದೆ ಕೂತ ಅಜ್ಜಿಗೆ ಏನು ತಪ್ಪಾಯಿತೆಂದು ಹೇಗೆ ಗೊತ್ತಾಗಬೇಕು?

ಭಾಗಾಕಾರದ ಬಲೆ

ಪರಿವರ್ತನೆ ಆಯಿತು, ಇನ್ನು ಲೆಕ್ಕ. ಶಾಲೆಯಲ್ಲಿ ಕಲಿತದ್ದೇ ತಾನೆ ಎನಿಸುತ್ತದೆ. ಆದರೆ 7ನ್ನು 2ರಿಂದ ಭಾಗಿಸಿದರೆ ಎಷ್ಟು? ಪೈಥಾನ್ ಮೂರರಲ್ಲಿ 3.5. ಅದರ ಹಿಂದಿನ ಆವೃತ್ತಿಯಲ್ಲಿ 3. ಸಿ ಭಾಷೆಯಲ್ಲಿ ಇಂದಿಗೂ 3, ಎರಡೂ ಪೂರ್ಣಾಂಕಗಳಾದರೆ ಉತ್ತರವೂ ಪೂರ್ಣಾಂಕವೇ. ಫ್ಯಾರನ್‌ಹೀಟ್ ಜ್ವರವನ್ನು ಸೆಲ್ಸಿಯಸ್‌ಗೆ ಬದಲಿಸುವ ಅಭ್ಯಾಸ ಎಲ್ಲ ಕಾಲೇಜುಗಳಲ್ಲೂ ಇದೆ: 32 ಕಳೆದು 5/9ರಿಂದ ಗುಣಿಸಬೇಕು. ಸಿ ಭಾಷೆಯಲ್ಲಿ 5/9 ಎಂದು ಬರೆದರೆ ಅದರ ಬೆಲೆ ಸೊನ್ನೆ. ಹಾಗಾಗಿ ರೋಗಿಗೆ ಜ್ವರ ಎಷ್ಟೇ ಇರಲಿ, ಉತ್ತರ ಸೊನ್ನೆಯೇ. ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ 1978ರಲ್ಲಿ ಬರೆದ ಸಿ ಭಾಷೆಯ ಪ್ರಸಿದ್ಧ ಪುಸ್ತಕದ ಆರಂಭದಲ್ಲೇ ಈ ಲೆಕ್ಕ ಇದೆ. ಮೊದಲು 5ರಿಂದ ಗುಣಿಸಿ, ಆಮೇಲೆ 9ರಿಂದ ಭಾಗಿಸಬೇಕೆಂದು ಅವರು ಅಲ್ಲೇ ಎಚ್ಚರಿಸಿದ್ದಾರೆ. ಕಾಗದದ ಮೇಲೆ ಎರಡೂ ಒಂದೇ, ಯಂತ್ರದಲ್ಲಿ ಒಂದೇ ಅಲ್ಲ.

ಇನ್ನೊಂದು ಬಲೆ ಜಾಗದ್ದು. ನಮ್ಮ ಎಷ್ಟೋ ಕಾಲೇಜು ಲ್ಯಾಬ್‌ಗಳಲ್ಲಿ ವರ್ಷಗಟ್ಟಲೆ ಬಳಸಿದ ಟರ್ಬೊ ಸಿಯಲ್ಲಿ ಪೂರ್ಣಾಂಕಕ್ಕೆ ಸಿಗುವುದು 16 ಬಿಟ್‌ಗಳ ಜಾಗ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ದಿನಕ್ಕೆ ಎಷ್ಟು ಸೆಕೆಂಡು ಎಂದು 24 * 60 * 60 ಬರೆದರೆ 86,400ರ ಬದಲು 20,864 ಎಂಬ ಉತ್ತರ ಬರುತ್ತದೆ. 20,000ಕ್ಕೆ 20,000 ಕೂಡಿಸಿದರೆ ಉತ್ತರ ಋಣಾತ್ಮಕವಾಗುತ್ತದೆ. ಯಾವ ಎರರ್ ಸಂದೇಶವೂ ಬರುವುದಿಲ್ಲ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಇಂಥ ಗಡಿ ಇಲ್ಲದಿರುವುದರಿಂದ ಇಂದಿನ ಮಕ್ಕಳಿಗೆ ಈ ಬಲೆ ಕಾಣುವುದೇ ಇಲ್ಲ. ಕಾಣದಿದ್ದರೂ ತಿಳಿದಿರಬೇಕು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಹಾರಿದ ಯುರೋಪಿನ ಏರಿಯಾನ್-5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು, ಜೊತೆಗಿದ್ದ ನಾಲ್ಕು ಉಪಗ್ರಹಗಳೂ ನಾಶವಾದವು. ಕಾರಣ ಒಂದು ಟೈಪ್ ಪರಿವರ್ತನೆ. ಅಡ್ಡ ವೇಗಕ್ಕೆ ಸಂಬಂಧಿಸಿದ, 64 ಬಿಟ್‌ಗಳಲ್ಲಿದ್ದ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕವಾಗಿ ಬದಲಿಸಲು ಹೋದಾಗ ಅದು ಹಿಡಿಸಲಿಲ್ಲ. ಆ ಪ್ರೋಗ್ರಾಂ ಹಿಂದಿನ ಏರಿಯಾನ್-4ರಲ್ಲಿ ಸರಿಯಾಗಿಯೇ ಕೆಲಸ ಮಾಡಿತ್ತು. ಆ ರಾಕೆಟ್‌ನ ವೇಗ ಕಡಿಮೆ, ಸಂಖ್ಯೆ ಎಂದೂ ಗಡಿ ದಾಟಿರಲಿಲ್ಲ. ಹೊಸ ರಾಕೆಟ್‌ಗೆ ಅದನ್ನೇ ತಂದು ಕೂರಿಸಿದಾಗ ಯಾರೂ ಆ ಗಡಿಯನ್ನು ಮತ್ತೆ ಪರೀಕ್ಷಿಸಲಿಲ್ಲ.

ಪಹಣಿಯ ಚುಕ್ಕಿ

ರಾಕೆಟ್ ದೂರದ ಮಾತಾಯಿತು. ನಮ್ಮ ಮನೆಯ ಟ್ರಂಕಿನಲ್ಲಿರುವ ಪಹಣಿಯನ್ನೇ ತೆಗೆದುಕೊಳ್ಳೋಣ. ನನ್ನ ಲೆಕ್ಕದಲ್ಲಿ ಕನ್ನಡದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಅಭ್ಯಾಸ ಇಲ್ಲ.

ಜಮೀನಿನ ವಿಸ್ತೀರ್ಣವನ್ನು ನಾವು ಎಕರೆ, ಗುಂಟೆಗಳಲ್ಲಿ ಹೇಳುತ್ತೇವೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಎರಡು ಎಕರೆ ಹದಿನೈದು ಗುಂಟೆಯನ್ನು 2-15 ಎಂದೋ 2.15 ಎಂದೋ ಬರೆಯುತ್ತೇವೆ. ಈಗ ಪ್ರೋಗ್ರಾಂ ‘ವಿಸ್ತೀರ್ಣ ಎಷ್ಟು?’ ಎಂದು ಕೇಳುತ್ತದೆ. ರೈತರು 2.15 ಎಂದು ಬರೆಯುತ್ತಾರೆ. ವಿದ್ಯಾರ್ಥಿ ಅದನ್ನು ಫ್ಲೋಟ್‌ಗೆ ಕೊಡುತ್ತಾನೆ. ಯಾವ ಎರರೂ ಬರುವುದಿಲ್ಲ. ಆದರೆ ಎರಡು ಎಕರೆ ಹದಿನೈದು ಗುಂಟೆ ಎಂದರೆ ದಶಮಾಂಶದಲ್ಲಿ 2.375 ಎಕರೆ. ಫ್ಲೋಟ್ ತಿಳಿದುಕೊಂಡಿರುವುದು 2.15 ಎಕರೆ. ಒಂಬತ್ತು ಗುಂಟೆ ಕೈಬಿಟ್ಟುಹೋಯಿತು.

ಇನ್ನೂ ಕೆಟ್ಟದ್ದು ಮುಂದಿದೆ. 2.1 ಎಂದರೆ ಎರಡು ಎಕರೆ ಒಂದು ಗುಂಟೆ, 2.10 ಎಂದರೆ ಎರಡು ಎಕರೆ ಹತ್ತು ಗುಂಟೆ. ರೈತರಿಗೆ ಇವು ಬೇರೆ ಬೇರೆ. ಫ್ಲೋಟ್‌ಗೆ ಎರಡೂ 2.1. ಒಮ್ಮೆ ಫ್ಲೋಟ್ ಆಗಿ ಬದಲಾಯಿತೋ, ಮೂಲದಲ್ಲಿ ಒಂದು ಗುಂಟೆ ಇತ್ತೋ ಹತ್ತಿತ್ತೋ ಎಂದು ಮತ್ತೆ ತಿಳಿಯುವ ದಾರಿಯೇ ಇಲ್ಲ. ಸ್ಟ್ರಿಂಗ್ ಆಗಿದ್ದಾಗ ಇದ್ದ ಮಾಹಿತಿ ಪರಿವರ್ತನೆಯಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಇಲ್ಲಿ ಸರಿಯಾದ ಕ್ರಮ ಎಂದರೆ ಎಕರೆಯನ್ನು ಒಂದು ಪ್ರಶ್ನೆಯಾಗಿ, ಗುಂಟೆಯನ್ನು ಇನ್ನೊಂದು ಪ್ರಶ್ನೆಯಾಗಿ ಕೇಳುವುದು. ಅಥವಾ ಸ್ಟ್ರಿಂಗ್ ಇರುವಾಗಲೇ ಚುಕ್ಕಿಯ ಜಾಗದಲ್ಲಿ ಎರಡು ತುಂಡು ಮಾಡಿ, ಎರಡನ್ನೂ ಬೇರೆ ಬೇರೆ ಇಂಟ್ ಮಾಡುವುದು. ಗುಂಟೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಒಪ್ಪದೆ ಮತ್ತೆ ಕೇಳುವುದು. ಕ್ರಿಕೆಟ್ ಓವರುಗಳ ಲೆಕ್ಕವೂ ಇದೇ ಬಗೆ: 19.3 ಓವರ್ ಎಂದರೆ 117 ಎಸೆತ, ಹತ್ತೊಂಬತ್ತೂ ಮೂರು ದಶಾಂಶ ಓವರ್ ಅಲ್ಲ. ರನ್ ರೇಟ್ ಲೆಕ್ಕ ಹಾಕಹೊರಟ ಹುಡುಗರು ಇಲ್ಲೇ ಎಡವುತ್ತಾರೆ.

ಈಗ ಎರಡು ಸರ್ವೆ ನಂಬರುಗಳ ಜಮೀನನ್ನು ಕೂಡಿಸೋಣ. ಒಂದರಲ್ಲಿ 2 ಎಕರೆ 30 ಗುಂಟೆ, ಇನ್ನೊಂದರಲ್ಲಿ 1 ಎಕರೆ 25 ಗುಂಟೆ. ಎಲ್ಲವನ್ನೂ ಗುಂಟೆಗೆ ಇಳಿಸಿದರೆ 110 ಮತ್ತು 65, ಒಟ್ಟು 175 ಗುಂಟೆ. ಪೈಥಾನ್‌ನಲ್ಲಿ ಎರಡು ಓರೆಗೆರೆಯ ಭಾಗಾಕಾರ ಪೂರ್ಣ ಭಾಗಲಬ್ಧ ಕೊಡುತ್ತದೆ, ಶೇಕಡ ಚಿಹ್ನೆ ಶೇಷ ಕೊಡುತ್ತದೆ. 175 // 40 ಎಂದರೆ 4, 175 % 40 ಎಂದರೆ 15. ಒಟ್ಟು 4 ಎಕರೆ 15 ಗುಂಟೆ. ಪ್ರಾಥಮಿಕ ಶಾಲೆಯ ಭಾಗಲಬ್ಧ, ಶೇಷ ಎಂಬ ಪಾಠ ಯಾಕೆ ಬೇಕಿತ್ತು ಎಂಬುದು ಇಲ್ಲಿ ತಿಳಿಯುತ್ತದೆ.

ಈ ಜಮೀನನ್ನು ಮೂವರು ಒಡಹುಟ್ಟಿದವರಿಗೆ ಸಮನಾಗಿ ಹಂಚಬೇಕು. 175 ಗುಂಟೆ ಮೂರರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಆಣೆಗೆ ಇಳಿಸಿದರೆ 2,800 ಆಣೆ. ತಲಾ 933 ಆಣೆ, ಅಂದರೆ 1 ಎಕರೆ 18 ಗುಂಟೆ 5 ಆಣೆ. ಕೊನೆಗೆ ಒಂದು ಆಣೆ ಉಳಿಯುತ್ತದೆ. ಗುಂಟೆಗೆ 1,089 ಚದರಡಿಯಾದ್ದರಿಂದ ಒಂದು ಆಣೆ ಎಂದರೆ ಸುಮಾರು 68 ಚದರಡಿ. ಆ 68 ಚದರಡಿ ಯಾರಿಗೆ? ಈ ಪ್ರಶ್ನೆಗೆ ಯಾವ ಭಾಷೆಯ ಯಾವ ಆಜ್ಞೆಯಲ್ಲೂ ಉತ್ತರವಿಲ್ಲ. ದಾರಿಗೆ ಬಿಡುವುದೋ, ತಂಗಿಗೆ ಕೊಡುವುದೋ ಎಂದು ಮನುಷ್ಯರು ಕೂತು ತೀರ್ಮಾನಿಸಬೇಕು. ಶೇಷವನ್ನು ಮುಚ್ಚಿಡದೆ ತೋರಿಸುವುದು ಪ್ರೋಗ್ರಾಮಿನ ಕೆಲಸ. 58.33 ಗುಂಟೆ ಎಂದು ಬರೆದು ಕೈತೊಳೆದುಕೊಳ್ಳುವ ಪ್ರೋಗ್ರಾಂ ಆ ತೀರ್ಮಾನವನ್ನು ಕಾಣದಂತೆ ಮಾಡಿಬಿಡುತ್ತದೆ.

ಎರಡು ರೂಪಾಯಿ ಬಡ್ಡಿ

ಸರಳ ಬಡ್ಡಿಯ ಅಭ್ಯಾಸ ಎಲ್ಲ ಪುಸ್ತಕಗಳಲ್ಲೂ ಇದೆ. ಅಸಲು, ದರ, ಅವಧಿ ಕೇಳಿ, ಗುಣಿಸಿ, ನೂರರಿಂದ ಭಾಗಿಸುವುದು. ಟೈಪ್ ಪರಿವರ್ತನೆಯೆಲ್ಲ ಸರಿಯಾಗಿಯೇ ಇರುತ್ತದೆ. ಈಗ ಹಳ್ಳಿಯಲ್ಲಿ ಕೈಸಾಲ ಮಾಡಿದ ಒಬ್ಬರನ್ನು ಕೂರಿಸಿ ‘ಬಡ್ಡಿ ದರ ಎಷ್ಟು?’ ಎಂದು ಕೇಳಿ. ‘ಎರಡು ರೂಪಾಯಿ’ ಎನ್ನುತ್ತಾರೆ. ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಶೇ 24. ಬ್ಯಾಂಕಿನವರು ಹೇಳುವ ದರ ವರ್ಷದ್ದು. ₹50,000 ಸಾಲಕ್ಕೆ ಹತ್ತು ತಿಂಗಳ ಬಡ್ಡಿ ಎರಡು ರೂಪಾಯಿ ದರದಲ್ಲಿ ₹10,000 ಆಗುತ್ತದೆ. ಅದೇ 2ನ್ನು ವಾರ್ಷಿಕ ಶೇಕಡ ಎಂದು ತಿಳಿದ ಪ್ರೋಗ್ರಾಂ ₹833.33 ಎಂದು ತೋರಿಸುತ್ತದೆ. ಸಂಖ್ಯೆ ಸರಿ, ಟೈಪ್ ಸರಿ, ಸೂತ್ರ ಸರಿ, ಉತ್ತರ ಮಾತ್ರ ಹನ್ನೆರಡರಲ್ಲಿ ಒಂದು ಪಾಲು.

ಇಂಥದೇ ಗೊಂದಲದಿಂದ ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಹತ್ತಿರ ಕಳೆದುಹೋಯಿತು. ನೆಲದ ಮೇಲಿನ ಒಂದು ತಂತ್ರಾಂಶ ಬಲದ ಲೆಕ್ಕವನ್ನು ಪೌಂಡ್‌ಗಳಲ್ಲಿ ಕೊಡುತ್ತಿತ್ತು, ಅದನ್ನು ತೆಗೆದುಕೊಳ್ಳುವ ತಂತ್ರಾಂಶ ನ್ಯೂಟನ್‌ಗಳೆಂದು ತಿಳಿದಿತ್ತು. ಕಂಪ್ಯೂಟರಿಗೆ ಎರಡೂ ಬರೀ ಸಂಖ್ಯೆಗಳು. ಆದ್ದರಿಂದ ಕೇಳುವ ಪ್ರಶ್ನೆಯಲ್ಲೇ ಅಳತೆಯ ಮಾನ ಇರಬೇಕು: ‘ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಬಡ್ಡಿ?’ ಎಂದು ಕೇಳಿದರೆ ಅರ್ಧ ತಪ್ಪುಗಳು ಅಲ್ಲೇ ತಪ್ಪುತ್ತವೆ. ಇನ್‌ಪುಟ್‌ನ ಆವರಣದೊಳಗೆ ಬರೆಯುವ ಆ ಒಂದು ಸಾಲನ್ನು ಯಾರೂ ಕಲಿಸುವುದಿಲ್ಲ, ಯಾರೂ ಅದಕ್ಕೆ ಅಂಕ ಕೊಡುವುದೂ ಇಲ್ಲ. ಕೊಡಬೇಕು.

ಒಂದು ಪೈಸೆಯ ಪ್ರಶ್ನೆ

ಕೊನೆಯದಾಗಿ ದುಡ್ಡು. ಪೈಥಾನ್‌ಗೆ 0.1 + 0.2 ಎಷ್ಟು ಎಂದು ಕೇಳಿ. 0.30000000000000004 ಎನ್ನುತ್ತದೆ. ಒಂದನ್ನು ಮೂರರಿಂದ ಭಾಗಿಸಿದರೆ ನಮ್ಮ ದಶಮಾಂಶದಲ್ಲಿ 0.333 ಎಂದು ಮುಗಿಯದೆ ಹೋಗುವುದಿಲ್ಲವೆ? ಕಂಪ್ಯೂಟರಿನ ಎರಡರ ಪದ್ಧತಿಯಲ್ಲಿ ಹತ್ತನೇ ಒಂದು ಪಾಲೂ ಹಾಗೇ ಮುಗಿಯುವುದಿಲ್ಲ. ಇರುವ ಜಾಗದಲ್ಲಿ ಹಿಡಿಯುವ, ಅದಕ್ಕೆ ಅತಿ ಹತ್ತಿರದ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. 1985ರಲ್ಲಿ ಬಂದ ಐಇಇಇ 754 ಎಂಬ ಮಾನಕವನ್ನು ಹೆಚ್ಚುಕಡಿಮೆ ಎಲ್ಲ ಯಂತ್ರಗಳೂ ಅನುಸರಿಸುವುದರಿಂದ ಈ ಉತ್ತರ ಬೇರೆ ಭಾಷೆಗಳಲ್ಲೂ ಬರುತ್ತದೆ.

ಹೋಟೆಲ್ ಬಿಲ್ಲಿನ ಅಭ್ಯಾಸ ಮಾಡಿ ನೋಡಿ. ₹345ರ ಊಟಕ್ಕೆ ಕೇಂದ್ರ ಜಿಎಸ್‌ಟಿ ಶೇ 2.5, ರಾಜ್ಯ ಜಿಎಸ್‌ಟಿ ಶೇ 2.5. ಪ್ರತಿಯೊಂದೂ ₹8.625. ಶಾಲೆಯ ಪದ್ಧತಿಯಂತೆ ಮೇಲಕ್ಕೇರಿಸಿದರೆ ₹8.63, ಎರಡೂ ಸೇರಿ ₹17.26. ಒಟ್ಟಿಗೆ ಶೇ 5 ಹಾಕಿದರೆ ₹17.25. ಪೈಥಾನ್‌ನ ರೌಂಡ್ ಆಜ್ಞೆಗೆ ಕೊಟ್ಟರೆ ₹8.62, ಎರಡೂ ಸೇರಿ ₹17.24! ಸರಿಯಾಗಿ ನಡುವೆ ನಿಂತ ಸಂಖ್ಯೆಯನ್ನು ಪೈಥಾನ್ ಹತ್ತಿರದ ಸಮಸಂಖ್ಯೆಯ ಕಡೆಗೆ ತಿರುಗಿಸುತ್ತದೆ. ಅದೇ ಕಾರಣಕ್ಕೆ 2.5ನ್ನು 2 ಎಂದೂ 3.5ನ್ನು 4 ಎಂದೂ ಮಾಡುತ್ತದೆ. ಯಾವಾಗಲೂ ಮೇಲಕ್ಕೇ ಏರಿಸುತ್ತ ಹೋದರೆ ಸಾವಿರಾರು ಲೆಕ್ಕಗಳ ಮೊತ್ತ ಒಂದೇ ಕಡೆಗೆ ವಾಲುತ್ತದೆ ಎಂಬುದು ಈ ಪದ್ಧತಿಯ ಹಿಂದಿನ ಕಾರಣ.

ಹೀಗೆ ವಾಲಿದ ಉದಾಹರಣೆಯೂ ಇದೆ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ 1,000ದಿಂದ ಒಂದು ಸೂಚ್ಯಂಕ ಆರಂಭಿಸಿತು. ಪ್ರತಿ ವಹಿವಾಟಿನ ನಂತರ ಮೂರು ದಶಮಾಂಶ ಸ್ಥಾನಗಳ ಆಚೆಗಿದ್ದುದನ್ನು ಕತ್ತರಿಸಿ ಹಾಕುತ್ತಿದ್ದರು. 22 ತಿಂಗಳಾಗುವ ಹೊತ್ತಿಗೆ ಸೂಚ್ಯಂಕ 524ರ ಸುತ್ತ ಇತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು 1,098 ಇರಬೇಕಿತ್ತು. ಪೇಟೆ ಏರಿತ್ತು, ಸೂಚ್ಯಂಕ ಅರ್ಧಕ್ಕಿಳಿದಿತ್ತು. ದುಡ್ಡಿನ ಲೆಕ್ಕವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ, ಇಲ್ಲವೇ ಪೈಥಾನ್‌ನ ಡೆಸಿಮಲ್ ಬಳಸಿ ಎಂದು ಅನುಭವಿಗಳು ಹೇಳುವುದು ಇದಕ್ಕೇ. ಅರ್ಧ ಪೈಸೆ ಬಂದಾಗ ಏನು ಮಾಡಬೇಕೆಂಬ ತೀರ್ಮಾನ ಆಗಲೂ ನಮ್ಮದೇ. ಆದರೆ ಆಗ ಅದು ನಮಗೆ ಗೊತ್ತಿದ್ದು ಮಾಡಿದ ತೀರ್ಮಾನವಾಗಿರುತ್ತದೆ.

ಲೆಕ್ಕವನ್ನು ಬದುಕಿನಿಂದ ಎತ್ತಿಕೊಂಡು ಕಲಿಸುವುದು ಕನ್ನಡ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳಿವೆ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ರಚಿಸಿದ. ನಿತ್ಯದ ಕೊಡುಕೊಳ್ಳುವಿಕೆಯ ಲೆಕ್ಕವನ್ನು ಜನರ ಮಾತಿನಲ್ಲಿ ಕಲಿಸುವ ಕೆಲಸ ಅಷ್ಟು ಹಳೆಯದು. ಆ ಪರಂಪರೆಯ ನಾಡಿನಲ್ಲಿ ಮಕ್ಕಳು ಪರದೇಶದ ಪುಸ್ತಕದ ಪಿಜ್ಜಾ ಹಂಚುವ ಲೆಕ್ಕವನ್ನೇ ನಕಲು ಮಾಡುತ್ತ ಕೂರಬೇಕಾದ್ದಿಲ್ಲ. ಡೇರಿಗೆ ಹಾಕಿದ ಹಾಲಿನ ಹತ್ತು ದಿನದ ಬಟವಾಡೆ, ಅಡಿಕೆ ಮಂಡಿಯಲ್ಲಿ ತೂಕ ಕಳೆದು ಕೈಗೆ ಬಂದ ಹಣ, ಸ್ತ್ರೀಶಕ್ತಿ ಸಂಘದ ಕಂತು, ಎಟಿಎಂನಲ್ಲಿ ₹3,700ಕ್ಕೆ ಯಾವ ಯಾವ ನೋಟು ಎಷ್ಟೆಷ್ಟು ಎಂಬ ಲೆಕ್ಕ, ಎಲ್ಲವೂ ನಮ್ಮ ಸುತ್ತಲೇ ಇವೆ.

ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಈ ಪಾಠವನ್ನು ಒಂದೇ ತರಗತಿಯಲ್ಲಿ ಮುಗಿಸಬೇಡಿ. ಪ್ರತಿ ಅಭ್ಯಾಸವನ್ನೂ ಮೊದಲು ಕಾಗದದ ಮೇಲೆ ಕೈಯಿಂದ ಮಾಡಿಸಿ, ಉತ್ತರ ಬರೆದಿಟ್ಟುಕೊಂಡ ಮೇಲೆ ಪ್ರೋಗ್ರಾಂ ಬರೆಸಿ, ಎರಡನ್ನೂ ತಾಳೆ ನೋಡಲು ಹೇಳಿ. ಒಬ್ಬರು ಬರೆದದ್ದನ್ನು ಪಕ್ಕದವರ ಕೈಗೆ ಕೊಟ್ಟು, ಖಾಲಿ ಉತ್ತರ, ಅಲ್ಪವಿರಾಮ, ಕನ್ನಡ ಅಂಕಿ, ಸೊನ್ನೆ, ಋಣಸಂಖ್ಯೆ ಎಲ್ಲ ಕೊಟ್ಟು ಕೆಡಿಸಲು ಹೇಳಿ. ಕೆಡದೆ ನಿಂತ ಪ್ರೋಗ್ರಾಮಿಗೂ, ಬಳಕೆದಾರರಿಗೆ ಅರ್ಥವಾಗುವ ಹಾಗೆ ಕೇಳಿದ ಪ್ರಶ್ನೆಗೂ ಅಂಕ ಕೊಡಿ.

ಕಲಿಯುವವರು ಇವತ್ತು ಸಂಜೆಯೇ ಮನೆಯ ಪಹಣಿ ತೆಗೆದುಕೊಂಡು ಕೂತು, ಎಕರೆ, ಗುಂಟೆ, ಆಣೆ ಕೂಡಿಸುವ ಪ್ರೋಗ್ರಾಂ ಬರೆಯಿರಿ. ಜಮೀನಿಲ್ಲದವರು ಕರೆಂಟ್ ಬಿಲ್ ತೆಗೆದುಕೊಳ್ಳಿ. ಬರೆದು ಮುಗಿದ ಮೇಲೆ ಕಂಪ್ಯೂಟರ್ ಗೊತ್ತಿಲ್ಲದ ಮನೆಯ ಹಿರಿಯರೊಬ್ಬರನ್ನು ಕೀಲಿಮಣೆಯ ಮುಂದೆ ಕೂರಿಸಿ ಬಳಸಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಪ್ರೋಗ್ರಾಂ ತಿದ್ದಬೇಕಾಗಿದೆ ಎಂದರ್ಥ.